ಎಲ್ಲಿ ಹಿಡಿಯಬೇಕು

ತೈಹಾಪೆಯಲ್ಲಿ, ಔಷಧಿ ಅಂಗಡಿಯ ಬೆನ್ನಿಗೆ ನನ್ನ ಕೋಣೆ.
ಒಂದು ಮಂಚ, ಒಂದು ಹೀಟರು,
ಗೋಡೆಗೆ ಬೆನ್ನೆಲುಬಿನ ಪಟ,
ತೇವಕ್ಕೆ ಅದರ ಮೂಲೆ ಸುರುಳಿ ಸುತ್ತಿದೆ.
ಗುರುವಾರ ಸಂಜೆ ಪರಾತೆನೆ ಬಂದ
ಒಂದೇ ಪಕ್ಕಕ್ಕೆ ವಾಲಿಕೊಂಡು,
ನನ್ನ ಬಾಗಿಲೇ ಓರೆ ಎಂಬಂತೆ.

ಇಪ್ಪತ್ತಾರು ವರ್ಷ ಬಗ್ಗಿದವನು.
ದಿನಕ್ಕೆ ಮುನ್ನೂರು ಕುರಿ,
ಒಂದೊಂದನ್ನೂ ದೊಡ್ಡಿಯಿಂದ ಎಳೆದು, ಬೋಳಿಸಿ, ಇಳಿಜಾರಿಗೆ ತಳ್ಳಿ,
ಮತ್ತೆ ಬಗ್ಗಿ.
ಅಂಗಿ ತೆಗೆದರೆ ಉಣ್ಣೆಯ ಜಿಡ್ಡಿನ ವಾಸನೆ,
ಯಾವ ಸೋಪಿಗೂ ಬಗ್ಗದ್ದು.
ಆ ಜಿಡ್ಡಿನ ದಯೆಯಿಂದ
ಅಂಗೈ ಮಾತ್ರ ಹಸುಗೂಸಿನದು.

ಎಲ್ಲಿ ನೋವು? ಕೇಳಿದೆ.
ಕಿಟಕಿಯಾಚೆ, ಗುಡ್ಡದ ಮೇಲಿನ ತಗಡಿನ ಷೆಡ್ಡಿನತ್ತ ಬೆರಳು ತೋರಿಸಿದ.
ಸರಿ, ಬೋರಲು ಮಲಗು.

ಸೊಂಟದ ಎರಡು ಬದಿಗೂ
ಬೇಲಿಗೆ ಜಗ್ಗಿ ಕಟ್ಟಿದ ತಂತಿ.
ನಾಲ್ಕನೆಯ ಎಲುಬು, ಐದನೆಯದು
ಮಾತು ಬಿಟ್ಟ ಅಣ್ಣತಮ್ಮಂದಿರು,
ಒಬ್ಬನನ್ನು ತಟ್ಟಿದರೆ ಇನ್ನೊಬ್ಬ ಮುಖ ತಿರುಗಿಸುತ್ತಾನೆ.

ಡನೀಡನ್ನಿನಲ್ಲಿ ನನಗೆ ಕಲಿಸಿದ ಮಿಸೆಸ್ ಕಾಹೂನ್
ಕಾಗದದ ಕೆಳಗೊಂದು ತಲೆಗೂದಲಿಟ್ಟು
ಕಣ್ಣು ಮುಚ್ಚಿ ಹುಡುಕು ಅನ್ನುತ್ತಿದ್ದಳು.
ಸಿಕ್ಕಿತೆ? ಸರಿ, ಇನ್ನೊಂದು ಹಾಳೆ ಇಡು.
ಇನ್ನೊಂದು.
ಒಂಬತ್ತನೆಯ ಹಾಳೆಗೆ ನಾನು ಅತ್ತಿದ್ದೆ.
ಈಗ ಹೆಬ್ಬೆರಳ ಬುಡ ಸವೆದಿದೆ,
ರಾತ್ರಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳಕ್ಕೆ ಗಂಡನನ್ನು ಕರೆಯುತ್ತೇನೆ,
ಕೂದಲು ಮಾತ್ರ ಇನ್ನೂ ಸಿಗುತ್ತದೆ.

ಸಡಿಲ ಬಿಡು, ಅಂದೆ. ಇನ್ನಷ್ಟು ಬಿಗಿದ.
ತಪ್ಪು ನನ್ನದೇ;
ನಿದ್ದೆ ಮಾಡು ಅಂದರೆ ಯಾರಿಗೆ ನಿದ್ದೆ ಬಂದಿದೆ?
ಮಾತು ಬದಲಿಸಿದೆ:
ಕುರಿ ಒದ್ದಾಡಿದರೆ ಏನು ಮಾಡ್ತೀಯ?

ದಿಂಬಿನೊಳಗಿಂದ ಹೇಳಿದ:
ಒದ್ದಾಡಿದರೆ ತಪ್ಪು ಕುರಿಯದಲ್ಲ, ಹಿಡಿದವನದು.
ಕುಂಡೆಯ ಮೇಲೆ ಕೂರಿಸು,
ಬೆನ್ನಿಗೆ ನಿನ್ನ ಮೊಣಕಾಲು ಕೊಡು,
ಕಾಲಿಗೆ ನೆಲ ಸಿಗದ ಹಾಗೆ ನೋಡ್ಕೊ.
ಬಿಗಿಯಾಗಿ ಹಿಡಿದೆಯೋ, ಕೆಟ್ಟೆ.
ಎಲ್ಲಿ ಹಿಡಿಯಬೇಕು ಅಂತ
ಅದೇ ಹೇಳತ್ತೆ, ನಿನ್ನ ಮೊಣಕಾಲಿಗೆ.

ನಾನು ಹೂಂ ಅನ್ನುತ್ತಲೇ
ಅವನನ್ನು ಮಗ್ಗುಲಿಗೆ ತಿರುಗಿಸಿದೆ.
ಮೇಲಿನ ಕಾಲು ಮಡಿಸಿ, ನನ್ನ ತೊಡೆಗೆ ಆನಿಸಿ,
ಭುಜದ ಮೇಲೆ ಮುಂಗೈ ಭಾರ ಬಿಟ್ಟು,
ನಿಧಾನ, ನಿಧಾನ, ಹಿಂಡುತ್ತಾ...
ಅರ್ಧದಾರಿಯಲ್ಲಿ ಅವನಿಗೆ ಹೊಳೆಯಿತು.
ಏ! ಇದು ನನ್ನ ಪಟ್ಟು ಕಣೇ!
ಎಂದು ನಕ್ಕ.
ನಗುವಿನ ಜತೆ ಉಸಿರೆಲ್ಲ ಹೊರಹೋಯಿತು,
ಬಾಗಿಲು ಹಾಕುವಷ್ಟರಲ್ಲಿ ನಾನು ಒಳಗಿದ್ದೆ.

ಲಟಕ್ ಎಂಬ ಸದ್ದೇನೂ ಬರಲಿಲ್ಲ.
(ಜನ ಅದಕ್ಕೇ ದುಡ್ಡು ಕೊಡುವುದು, ನಾನೇನು ಮಾಡಲಿ.)
ಐದನೆಯದು ನಾಲ್ಕನೆಯದಕ್ಕೆ
ಕೂದಲೆಳೆಯಷ್ಟು ಜಾಗ ಬಿಟ್ಟಿತು, ಅಷ್ಟೇ.

ಎದ್ದು ನಿಂತು ಬೂಟಿನ ದಾರ ತಾನೇ ಕಟ್ಟಿಕೊಂಡ,
ಅದನ್ನು ಕಟ್ಟುವವರೆಗೂ ಇಬ್ಬರೂ ಉಸಿರಾಡಲಿಲ್ಲ.
ಎರಡು ವಾರ ರಜೆ, ಅಂದೆ.
ಸೋಮವಾರ ಎರಡು ಸಾವಿರ ಹೆಣ್ಣುಕುರಿ, ಅಂದ.
ಹಾಗಾದರೆ ಎದೆಗೆ ಜೋಲಿಯಾದರೂ ಕಟ್ಟಿಕೊ,
ಸೂರಿನಿಂದ ಸ್ಪ್ರಿಂಗಿನಲ್ಲಿ ಇಳಿಬಿಡುತ್ತಾರಲ್ಲ, ಅದು.
ಅದು ಮುದುಕರಿಗೆ, ಅಂದ.
ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದ,
ಜೇಬಿನಿಂದ ಒಂದು ಹಿಡಿ ಜಿಡ್ಡುಣ್ಣೆ ತೆಗೆದು ಮೇಜಿನ ಮೇಲಿಟ್ಟ:
ಮಲಗುವಾಗ ಹೆಬ್ಬೆರಳಿಗೆ ಸುತ್ತು.

ಮರು ಗುರುವಾರ ಬರಲಿಲ್ಲ.
ಅದರ ಮರು ಗುರುವಾರ, ದಕ್ಷಿಣದ ಗಾಳಿ ಹಿಮ ಹೊತ್ತು ತಂದ ದಿನ,
ನೆಟ್ಟಗೆ ಅಲ್ಲದಿದ್ದರೂ ಬಂದ.
ಅಂಗಿ ತೆಗೆದ. ಎದೆಯ ಮೇಲೆ ಅಡ್ಡಕ್ಕೆ
ಜೋಲಿ ಉಜ್ಜಿದ ಕೆಂಪು ಬರೆ.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಹೀಟರಿನ ಮೇಲೆ ಕೈ ಕಾಯಿಸಿಕೊಂಡೆ.
ಕೈಯಿಂದ ಕುರಿಯ ವಾಸನೆ ಬರುತ್ತಿತ್ತು.